ಬಿಚ್ಚಲು ಬಾರದ ಲಾಟೀನಿಗೆ ಹೆಚ್ಚು ಅಂಕ

ಕೊಟ್ಟೂರಿನ ನನ್ನ ಅಂಗಡಿಗೆ ಯಾವ ಹೊಸ ಸಾಮಾನು ಬಂದರೂ ಮೊದಲು ಅದನ್ನು ಬೋರಲು ಹಾಕಿ ನೋಡುತ್ತೇನೆ. ತಳದಲ್ಲಿ ಸ್ಕ್ರೂ ಇದ್ದರೆ ಮಾತು ಮುಂದುವರಿಯುತ್ತದೆ, ಇಲ್ಲದಿದ್ದರೆ ತಂದವರಿಗೆ ಚಹಾ ಕುಡಿಸಿ ಕಳಿಸುತ್ತೇನೆ. ಹರಪನಹಳ್ಳಿ, ಹಡಗಲಿ ಸಂತೆಗಳಲ್ಲಿ ಗೋಣಿತಟ್ಟಿನ ಮೇಲೆ ಟಾರ್ಚು ಹರಡಿಕೊಂಡು ಮಾರಿ ಮೇಲೆ ಬಂದವಳು ನಾನು. ನೀವೂ ಹೀಗೇ ಮಾಡಿ. ಡಬ್ಬಿಯ ಮೇಲಿನ ಬರಹವನ್ನು ಆಮೇಲೆ ಓದಿದರಾಯಿತು.

ಒಮ್ಮೆ ಬಂದ ಸೋಲಾರ್ ಲಾಟೀನಿನ ತಳದಲ್ಲಿ ಸ್ಕ್ರೂ ಇರಲಿಲ್ಲ. ಡಬ್ಬಿಯ ಮೇಲೆ ಹಸಿರು ಎಲೆಯ ಚಿತ್ರ, ಅದರ ಕೆಳಗೆ ಮರುಬಳಕೆಯ ಅಂಕ ಎಂದು ದೊಡ್ಡದೊಂದು ಸಂಖ್ಯೆ. ಆ ಅಂಕ ನೋಡಿ ಚಹಾ ಕುಡಿಸಿ ಕಳಿಸಲು ಮನಸ್ಸಾಗದೆ, ಕೆಟ್ಟರೆ ಕಂಪನಿಯವರೇ ರಿಪೇರಿ ಮಾಡಿಕೊಡಬೇಕೆಂದು ಪಟ್ಟು ಹಿಡಿದೆ. ಒಪ್ಪಿದರು. ಆ ಮಾತಿನ ಮೇಲೆ ಹಗರಿಬೊಮ್ಮನಹಳ್ಳಿ ಕಡೆಯ ಕುರಿಗಾರ ಹೆಂಗಸೊಬ್ಬಳಿಗೆ, ಕೆಟ್ಟರೆ ನಾನಿದ್ದೇನೆ ಎಂದು ಹೇಳಿ ಮಾರಿದೆ.

ಎರಡನೇ ಮಳೆಗಾಲಕ್ಕೆ ಲಾಟೀನು ಸತ್ತಿತು. ಅವಳು ಬಂದು ಅದನ್ನು ನನ್ನ ಮುಂದೆ ಕುಕ್ಕಿದಳು.

"ಏನವ್ವಾ, ಕೆಟ್ರ ನಾ ಅದೀನಿ ಅಂದಿದ್ದಿಯಲ್ಲ, ಈಗ ಅದೀಯೇನು? ನಾಳೆ ಹಿಂಡು ಹೊಡಕೊಂಡು ಹೊಂಟೀವಿ. ಕುರಿ ಈಯೋ ಹೊತ್ತು. ಕತ್ತಲಾಗ ಮರಿ ಎಲ್ಲಿ ಬಿತ್ತು ಅಂತ ಕೈಯಾಡಿಸಿ ಹುಡುಕ್ಲೇನು?"

ಅವಳ ಅದೃಷ್ಟವೋ ನನ್ನದೋ, ಆ ಲಾಟೀನುಗಳ ವಿನ್ಯಾಸ ಮಾಡುವ ತರುಣ ಅಂದೇ ಹೊಸ ಮಾದರಿ ತೋರಿಸಲು ಬಂದು ಕೂತಿದ್ದ.

"ಬ್ಯಾಟರಿ ಹೋಗಿದೆ ಅಕ್ಕಾ. ಆದರೆ ಮುಚ್ಚಳ ಅಂಟಿಸಿರೋದು, ತೆಗೆಯೋಕೆ ಬರಲ್ಲ. ವಾಪಸ್ ತಗೊಂಡು ಪುಡಿ ಮಾಡಿ ಹೊಸ ಲಾಟೀನಿನ ಮೈ ಮಾಡ್ತೀವಿ."

"ಕುರಿ ಕಾಲು ಉಳುಕಿದ್ರ ಕೊಯ್ದ ಬಿಡ್ತೀಯೇನಪ್ಪಾ ನೀನು?" ಎಂದಳು ಅವಳು.

ನಾನು ಮಧ್ಯೆ ಬಾಯಿ ಹಾಕಿದೆ. ಹಾಗಾದರೆ ಇಷ್ಟೊಂದು ಅಂಕ ಯಾವ ಪುಣ್ಯಕ್ಕೆ ಬಂತು ಎಂದು ಕೇಳಿದೆ. ಅವನು ಬಿಡಿಸಿ ಹೇಳಿದ. ಅಂಕ ಕೊಡುವವರು ಅವರ ಆಫೀಸಿನಲ್ಲೇ ಬೇರೆ ಇದ್ದಾರೆ, ಕೊಡುವುದು ತೂಕದ ಮೇಲೆ. ಇಡೀ ಲಾಟೀನಿನಲ್ಲಿ ಹಳೆಯ ಪ್ಲಾಸ್ಟಿಕ್ಕಿನಿಂದ ಮಾಡಿದ ಭಾಗ ಎಷ್ಟು, ಮತ್ತೆ ಕರಗಿಸಬಹುದಾದ ಭಾಗ ಎಷ್ಟು ಎಂದು ತೂಗುತ್ತಾರೆ. ಸಾಯುವುದು ಪುಟ್ಟ ಬ್ಯಾಟರಿ. ಅದರ ತೂಕವೆಷ್ಟು, ಅದನ್ನು ಕೇಳುವವರ್‍ಯಾರು?

"ಸ್ಕ್ರೂ ಹಾಕಿದ ಮಾದರಿನೂ ಮಾಡಿದ್ವಿ," ಎಂದು ಚೀಲದಿಂದ ಒಂದನ್ನು ತೆಗೆದ. "ಸ್ಕ್ರೂ, ನೀರು ತಡೆಯೋ ರಬ್ಬರ್ ಉಂಗುರ, ದಪ್ಪ ಮುಚ್ಚಳ ಎಲ್ಲಾ ಹೊಸ ಸಾಮಾನು. ಅಂಕ ಇಳೀತು. ಅದಕ್ಕೇ ಕೈಬಿಟ್ವಿ."

ಕೇಳಿದಿರಾ? ಬಾಳುವ ಲಾಟೀನು ನಪಾಸು, ಸಾಯುವ ಲಾಟೀನು ಪಾಸು! ಅಳೆಯುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ತಕ್ಕಡಿ ಹಿಡಿದೇ ಬದುಕಿದವಳು ನಾನು. ಯಾವಾಗ ತೂಗಬೇಕೆಂಬುದು ತಿಳಿದಿರಬೇಕಲ್ಲ?

"ತಮ್ಮಾ, ಎರಡನ್ನೂ ಐದಾರು ವರ್ಷ ಉರಸ್ರಿ. ಆಮ್ಯಾಲೆ ತೂಗ್ರಿ. ಸ್ಕ್ರೂದ್ದು ಒಂದ ಇರತೈತಿ. ಅಂಟಿನ್ವು ಮೂರು ಸತ್ತು ಗುಡ್ಡಿ ಬಿದ್ದಿರ್ತಾವ."

"ನಾನೂ ಅದನ್ನೇ ಹೇಳಿದ್ದೆ ಅಕ್ಕಾ. ಬಾಳಿಕೆ ಬರೆಯೋಕೆ ಅವರ ಲೆಕ್ಕದಲ್ಲಿ ಜಾಗಾನೇ ಇಲ್ಲ."

"ಜಾಗ ಇಲ್ಲಂದ್ರ ಮಾಡ್ರಿ. ಈಗ ಇದನ್ನ ಈಕಿಗೆ ಕೊಡು."

"ಇದು ಮಾದರಿ, ಮಾರೋ ಹಾಗಿಲ್ಲ."

"ಮಾರು ಅಂತ ಯಾರಂದ್ರು? ರಿಪೇರಿ ಮಾಡ್ತೀವಿ ಅಂದಿದ್ರಿ, ಆಗಲಿಲ್ಲ. ಬದಲಿಗೆ ಇದು. ಇಲ್ಲಾ ಅಂದ್ರ ನಿನ್ನ ಹೊಸ ಅಂಟಿನ ಮಾದರಿ ನಾ ನೋಡಂಗಿಲ್ಲ, ಚೀಲದಾಗ ಇರ್ಲಿ. ನಿನ್ನ ಬಸ್ಸಿಗೆ ಹೊತ್ತಾತು."

ಅವನು ನಗುತ್ತಲೇ ಕೊಟ್ಟ. ಪಾಪ, ಕೊಡುವ ಮನಸ್ಸು ಅವನಿಗೂ ಇತ್ತು. ಅವಳು ಅಲ್ಲೇ ಮುಚ್ಚಳ ಬಿಚ್ಚಿ, ಹಾಕಿ, ಮತ್ತೆ ಬಿಚ್ಚಿ ನೋಡಿ ಲಾಟೀನನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದಳು. ಹೊಸ ಅಂಟಿನ ಮಾದರಿಯನ್ನು ನಾನು ಮುಟ್ಟಲಿಲ್ಲ.

ಈಗ ಅವಳ ಜೊತೆಯ ಕುರಿಗಾರರು ಅಂಥದ್ದೇ ಬೇಕೆಂದು ಬರುತ್ತಿದ್ದಾರೆ. ಕೊಳ್ಳುವವರಿದ್ದಾರೆ, ಮಾರಲು ನಾನಿದ್ದೇನೆ, ಮಾಡಲು ಅವರಿಗೆ ಬರುತ್ತದೆ. ಆದರೂ ಇಲ್ಲವೆನ್ನಬೇಕು! ಬಂದವರಿಗೆಲ್ಲ ಕಂಪನಿಯ ನಂಬರು ಕೊಟ್ಟು, ನೀವೇ ಕೇಳಿ ಎನ್ನುತ್ತೇನೆ. ಮೊನ್ನೆ ಆ ತರುಣ ಫೋನ್ ಮಾಡಿದ.

"ಅಕ್ಕಾ, ಕುರಿ ಕಾಯೋರೆಲ್ಲ ನಮ್ಮ ಆಫೀಸಿಗೆ ಫೋನ್ ಮಾಡಿ ಬೈತಿದಾರೆ."

"ನೀ ಎತ್ತಬ್ಯಾಡ," ಎಂದೆ. "ಫೋನ್ ಅಂಕ ಹಾಕೋರ ಕೈಗೆ ಕೊಡು."