ಹಲಗೆಯ ಮೇಲಿನ ಬಸವಣ್ಣ

ಒಂದು ಮನೆಯ ಒಗ್ಗರಣೆಗೆ ಯಾವ ಎಣ್ಣೆ ಬಿತ್ತು ಎಂಬುದು ಇಡೀ ಓಣಿಗೆ ಮೂಗಿನಿಂದಲೇ ತಿಳಿಯುತ್ತಿದ್ದ ಕಾಲ ಅದು. ನಿಜಾಮನ ರಾಜ್ಯ. ಕುಷ್ಟಗಿ ಕಡೆಯ ನಮ್ಮ ಹಳ್ಳಿಯಲ್ಲಿ ಗಾಣ ನಮ್ಮ ಮನೆಯ ಕಸುಬು. ಕುಸುಬಿ, ಎಳ್ಳು, ಶೇಂಗಾ ಹೊತ್ತು ಬಂದವರು ಅಂಗಳದ ತುಂಬ. ನಾವು ಮಕ್ಕಳು ಬಿಸಿ ಬಿಸಿ ಎಳ್ಳಿನ ಹಿಂಡಿಗೆ ಬೆಲ್ಲ ಒತ್ತಿ ತಿಂದು, ಎಣ್ಣೆಗೈಯನ್ನು ತಲೆಗೆ ಒರೆಸಿಕೊಂಡು ಓಡುತ್ತಿದ್ದೆವು. ನೆನೆದರೆ ಇವತ್ತಿಗೂ ಹಿಗ್ಗು ತಡೆಯುವುದಿಲ್ಲ. ಅದರ ಬೆನ್ನಿಗೇ ಸಿಟ್ಟೂ ಬರುತ್ತದೆ. ಆ ಸಿಟ್ಟಿನ ಕಥೆ ಕೇಳಿ.

ಎತ್ತು ಗಾಣದ ಸುತ್ತ ತಿರುಗುವಾಗ ಭಾರ ಬೀಳಲೆಂದು ನಮ್ಮಪ್ಪ ಅದರ ಹಿಂದಿನ ಅಡ್ಡಮರದ ಮೇಲೆ ಕೂಡುತ್ತಿದ್ದ. ಕೂಡಲು ಅಲ್ಲೊಂದು ಹಲಗೆ. ಮುತ್ತಜ್ಜ, ಅಜ್ಜ ಕೂತು ಕೂತು ಅದರ ನಡುವೆ ಪರಾತದಂಥ ಕುಳಿ ಬಿದ್ದಿತ್ತು. ಅಂಚು ಸೀಳಿ ತೊಡೆಗೆ ಚುಚ್ಚುತ್ತಿತ್ತು. ಅಪ್ಪನ ಮೊಣಕಾಲು ಬೇರೆ ಆ ವರ್ಷ ಬಾತುಕೊಂಡಿತ್ತು.

ಕಿನ್ನಾಳದಿಂದ ನಮ್ಮ ಸೋದರಮಾವ ಬಂದಿದ್ದ. "ನಮ್ಮೂರಾಗ ಗೊಂಬಿ ಮಾಡೋರು ಅದಾರ. ಕೊಡ್ರಿಲ್ಲೆ, ಹೊಸಾದ ಆಗಿ ಬರ್ತೈತಿ," ಎಂದು, ಎತ್ತಿಗೆ ನೊಗ ಹೂಡದ ಸೋಮವಾರ ಹಲಗೆ ಬಿಚ್ಚಿಕೊಂಡು ಹೋದ. ಅದು ಬರುವವರೆಗೆ ಗಾಣ ನಿಂತಿತು.

ಬಂತು. ಹುಣಸೆಬೀಜದ ಅಂಟಿನಲ್ಲಿ ಕಟ್ಟಿಗೆಯ ಪುಡಿ ಕಲಸಿ ಕುಳಿ ಮುಚ್ಚಿದ್ದರು, ಸೀಳಿಗೆ ಕಬ್ಬಿಣದ ಪಟ್ಟಿ ಹೊಡೆದಿದ್ದರು, ಕೆಂಪು ಬಣ್ಣ ಬಳಿದಿದ್ದರು. ಅಷ್ಟಕ್ಕೇ ಬಿಟ್ಟಿದ್ದರೆ! ಎತ್ತಿನ ಹಿಂದೆ ಇರುವ ಹಲಗೆ ಎಂದು ಕೇಳಿ, ಗೊಂಬೆ ಮಾಡುವವನು ಪ್ರೀತಿಯಿಂದ ನಟ್ಟನಡುವೆ ಬಸವಣ್ಣನನ್ನು ಬರೆದುಬಿಟ್ಟಿದ್ದ. ಕೊರಳಿಗೆ ಗೆಜ್ಜೆಸರ, ಬೆನ್ನಿಗೆ ಹಸಿರು ಜೂಲು, ಈಗ ಎದ್ದಾನು ಎನ್ನುವಂಥ ಕಣ್ಣು.

ಹಲಗೆ ಕೂರಿಸಿ, ಕಾಯಿ ಒಡೆದು, ಅಪ್ಪ ಕಾಲೆತ್ತಿದ. ಅಪ್ಪನ ಅವ್ವ, ನಮ್ಮ ಆಯಿ, ಚೀರಿದಳು. "ಏ! ಬಸವಣ್ಣನ ಮ್ಯಾಲೆ ಕೂಡ್ತೀಯೇನು?"

"ಮತ್ತೆಲ್ಲಿ ಕೂಡ್ಲಿ ಬೇ?"

"ನಡಿ. ದೇವರು ಕಾಲು ಕೊಟ್ಟಿಲ್ಲೇನು?"

ಮಾವ ತಲೆ ಕೆರೆದುಕೊಂಡ. "ಹಲಗಿ ಬೋರಲ ಹಾಕಿದ್ರ ಹೆಂಗ್ರಿ ಅತ್ತಿ?"

"ದೇವರ ಮಾರಿ ನೆಲಕ್ಕ ಹಚ್ಚತೀಯಾ? ನೀನಽ ಬೋರಲ ಮಲಕೋ ಹೋಗು!"

ಭಾರಕ್ಕೆ ಅಡ್ಡಮರಕ್ಕೆ ಕಲ್ಲು ಕಟ್ಟಿದರು. ಎತ್ತು ಎಳೆಯಿತು, ಬಸವಣ್ಣ ಸವಾರಿ ಹೋದ, ಎತ್ತು ಹೊಡೆಯಲು ಅಪ್ಪ ಕುಂಟುತ್ತ ಹಿಂದೆ ಸುತ್ತಿದ. ಕಾಳು ತಂದವರೆಲ್ಲ ಹಲಗೆಗೆ ಕೈ ಮುಗಿದು "ಏನ್ ಚಂದ ಅದಾನ್ರಿ" ಎನ್ನುವವರೇ. ಅಪ್ಪನ ಕಾಲು ನೋಡಿದವರು ಒಬ್ಬರೂ ಇಲ್ಲ. ಸಂಜೆ ನಮ್ಮವ್ವ ಬಿಸಿ ಎಣ್ಣೆ ತಿಕ್ಕಿದರೆ ಅಪ್ಪ ಟವೆಲಿನ ತುದಿ ಕಚ್ಚಿ ಹಿಡಿಯುತ್ತಿದ್ದ. ನನಗೆ ಮೈಯೆಲ್ಲ ಉರಿ. ಕೂಡಲೆಂದು ಮಾಡಿಸಿದ ಹಲಗೆ, ಕೂಡುವವನನ್ನೇ ನಡೆಸುತ್ತದೆಯೆಂದರೆ ಇದು ಯಾವ ನ್ಯಾಯ!

ಒಂದು ದಿನ ಅಪ್ಪ ನೆಲಕ್ಕೆ ಕುಸಿದ. ಎತ್ತು ತಾನಾಗಿಯೇ ನಿಂತಿತು. ಆಯಿ ಹಲಗೆಯ ಬಸವಣ್ಣನಿಗೆ ಏರಿಸಿದ್ದ ಕುಂಕುಮ ತಂದು ಅವನ ಮೊಣಕಾಲಿಗೆ ಹಚ್ಚಿ, "ತಡಿಯಪಾ, ಬಸವಣ್ಣ ಕಡಿಮಿ ಮಾಡ್ತಾನ," ಎಂದಳು. ನನಗೆ ತಡೆಯಲಾಗಲಿಲ್ಲ.

"ಆಯಿ, ಬಸವಣ್ಣನ ಕೆಲಸ ಏನು?"

"ಶಿವನ್ನ ಹೊರೋದು. ಇಷ್ಟೂ ಗೊತ್ತಿಲ್ಲೇನ ನಿನಗ?"

"ಅಪ್ಪನ ಕೊರಳಾಗ ಏನೈತಿ?"

"ಲಿಂಗ."

"ಹಂಗಾರ ಅಪ್ಪ ಕುಂತ್ರ ಶಿವ ಕುಂತಂಗ ಅಲ್ಲೇನು? ನಿನ್ನ ಬಸವಣ್ಣ ಕೆಲಸ ಬಿಟ್ಟು ಕುಂತಾನ, ನಮ್ಮಪ್ಪ ನಡದ ನಡದ ಸಾಯಾಕತ್ಯಾನ!"

ಹೊಡೆಯಲು ಎತ್ತಿದ ಆಯಿಯ ಕೈ ಅವಳ ಕೊರಳಿನ ಲಿಂಗಕ್ಕೆ ಹೋಗಿ ಅಲ್ಲೇ ನಿಂತಿತು. "ಬಾಯಿಬಡಕಿ" ಎಂದು ಬೈದು, ಸೆರಗಿನಿಂದ ಹಲಗೆ ಒರೆಸಿದಳು.

"ಏಳಪಾ. ಮದಲ ಕೈ ಮುಗಿ, ಆಮ್ಯಾಲೆ ಕೂಡು."

ಅಪ್ಪ ಏರಿದ. ನನ್ನನ್ನೂ ಎಳೆದು ಮುಂದೆ ಕೂರಿಸಿಕೊಂಡ. "ಅಕಿ ಯಾಕ?" ಎಂದಳು ಆಯಿ. "ಅಕೀಗೂ ಲಿಂಗ ಕಟ್ಟೇವಲ್ಲ ಬೇ!" ಎಂದ ಅಪ್ಪ. ಅಂಗಳವೆಲ್ಲ ನಕ್ಕಿತು. ಆ ಹಿಗ್ಗನ್ನು ಬರೆಯಲು ನನಗೆ ಅಕ್ಷರ ಸಾಲುವುದಿಲ್ಲ.

ವರ್ಷಗಳು ಹೋದ ಹಾಗೆ ಮೊದಲು ಜೂಲು ಅಳಿಸಿತು, ಆಮೇಲೆ ಡುಬ್ಬ. ಮಾವ ಮತ್ತೆ ಬಣ್ಣ ಹಾಕಿಸುತ್ತೇನೆಂದಾಗ ಆಯಿ ಕೊಡಲಿಲ್ಲ. "ನನ್ನ ಮಗನ್ನ ಹೊತ್ತು ಸವದಾನ. ಹಂಗಽ ಇರ್ಲಿ."

ಆಮೇಲೆ ಗಿರಣಿ ಬಂತು, ಗಾಣ ಕಿತ್ತರು. ಈಗಿನ ಪಾಕೀಟಿನ ಎಣ್ಣೆ ಮೂಸಿದರೆ ಯಾವ ಕಾಳಿನದೆಂದು ನನಗೇ ತಿಳಿಯುವುದಿಲ್ಲ. ಮೊನ್ನೆ ತವರಿಗೆ ಹೋಗಿ ಹಲಗೆ ಎಲ್ಲಿ ಎಂದು ತಮ್ಮನನ್ನು ಕೇಳಿದೆ. "ಗೆದ್ದಲ ತಿಂತು ಅಕ್ಕಾ. ಹೋತ ಬಿಡು, ಒಂದ ಕಟಗಿ," ಎಂದ. ಕಟಗಿಯಂತೆ! ಅದರ ಮೇಲೆ ಕೂಡುವವನೂ ಹೋದ, ಅದಕ್ಕೆ ಕೈ ಮುಗಿಯುವವರೂ ಹೋದರು. ಅದರ ಸಲುವಾಗಿ ಜಗಳ ತೆಗೆಯಲು ನಾನೊಬ್ಬಳು ಉಳಿದಿದ್ದೇನೆ. ಎದುರಾಡಲು ಆಯಿಯೇ ಇಲ್ಲ.