ಗೂಟ ಹಾರಿದರೆ ಅಂಟು ಸುರಿಯಬೇಡಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಂಗಡಿಯ ಹಿಂದಿನ ಕೋಣೆಯ ಮೇಜಿನ ಮೇಲೆ ಹಳೇ ಕಂಬಳಿ, ಕಂಬಳಿಯ ಮೇಲೆ ತಂತಿ ಕತ್ತರಿಸಿದ ಗಿಟಾರ್, ಅದರ ಮೇಲೆ ಬಗ್ಗಿ ಬಾಯ್ತುಂಬ ಬೈಯುತ್ತಿರುವ ಒಬ್ಬ ಹೆಂಗಸು.

"ಯಾವ ಮಹಾನುಭಾವ ಮಾಡಿದ್ದು ಇದನ್ನ? ಅವನ ಅಂಗೈಗೆ ಇದೇ ಅಂಟು ಹಚ್ಚಿ ಗೋಡೆಗೆ ಅಂಟಿಸ್ಬೇಕು! ಊಟಕ್ಕೂ ಬಿಡಿಸ್ಬಾರ್ದು!"

ಈ ಬೀದಿಯ ಅಂಗಡಿಯವರೆಲ್ಲ ಅವರನ್ನು ಕರೆಯುವುದು ಗೂಟದಕ್ಕ ಎಂದೇ. ಗಿಟಾರಿನ ಹೊಟ್ಟೆಯ ಮೇಲೆ ಬ್ರಿಡ್ಜ್ ಎಂಬ ಕರಿಮರದ ಪಟ್ಟಿ ಇರುತ್ತದೆ. ಅದರ ಆರು ರಂಧ್ರಗಳಲ್ಲಿ ತಂತಿಗಳ ತುದಿಯನ್ನು ಇಳಿಸಿ ಮೇಲೆ ಪುಟ್ಟ ಗೂಟ ಕೂರಿಸುತ್ತಾರೆ. ಕೂರದೆ ಹಾರುವ ಗೂಟಗಳೆಲ್ಲ ಕೊನೆಗೆ ಬರುವುದು ಈ ಮೇಜಿಗೆ. ಇವತ್ತಿನ ಗಿಟಾರಿನಲ್ಲಿ ಯಾರೋ ಆರಕ್ಕೆ ಆರೂ ಗೂಟಗಳಿಗೆ ತಕ್ಷಣ ಕಚ್ಚುವ ಅಂಟು ಸುರಿದಿದ್ದಾರೆ. ಅಕ್ಕ ನಿನ್ನೆ ಐದನ್ನು ಬೈರಿಗೆಯಿಂದ ಟೊಳ್ಳು ಮಾಡಿ, ಉಳಿದ ಸಿಪ್ಪೆಯನ್ನು ಚಿಮುಟದಲ್ಲಿ ಎಳೆದಿದ್ದಾರೆ. ಆರನೆಯದರ ಪಕ್ಕ ಕೂದಲೆಳೆಯಂಥ ಬಿರುಕು ಕಾಣಿಸಿಕೊಂಡಿದೆ. ಕೈ ಒಂದಿಷ್ಟು ಜೋರಾದರೆ ಬ್ರಿಡ್ಜ್ ಸೀಳುತ್ತದೆ, ಅದರ ಜೊತೆ ಕೆಳಗಿನ ತೆಳು ಹಲಗೆಯೂ ಕಿತ್ತು ಬರುತ್ತದೆ. ಗಿಟಾರಿನ ಒಡತಿ ಮನೆಮನೆಗೆ ಹೋಗಿ ಪಾಠ ಹೇಳುವ ಟೀಚರ್. ಅವರ ಬಳಿ ಇರುವುದು ಇದೊಂದೇ, ಬೆಳಿಗ್ಗೆಯ ಪಾಠಕ್ಕೆ ಮುಂಚೆ ಬಂದು ಒಯ್ಯುತ್ತೇನೆ ಎಂದಿದ್ದಾರೆ.

ಅಂಗಡಿಯ ಬೋರ್ಡಿನಲ್ಲಿ ಅಪ್ಪನ ಹೆಸರಿದೆ, ಪಕ್ಕದಲ್ಲಿ 'ಮತ್ತು ಮಗ' ಎಂದಿದೆ. ಮಗಳಿಗೆ ಆ ಹಲಗೆಯಲ್ಲಿ ಜಾಗ ಸಾಲಲಿಲ್ಲವೇನೋ! ಮಗ ಮುಂದಿನ ಗಲ್ಲಾಪೆಟ್ಟಿಗೆಯಲ್ಲಿ ಕೂತು ತಂತಿ, ಚೀಲ, ಹೊಸ ಗಿಟಾರ್ ಮಾರುತ್ತಾನೆ. ಐವತ್ತು ದಾಟಿದ ಆ ತಮ್ಮನನ್ನು ಅಕ್ಕ ಇವತ್ತಿಗೂ ಪುಟ್ಟ ಎನ್ನುತ್ತಾರೆ. ಗಿರಾಕಿಗಳು ಯಜಮಾನರೇ ಎನ್ನುತ್ತಾರೆ. ಅಕ್ಕನನ್ನು ನೋಡಿದ ಗಿರಾಕಿಗಳೇ ಕಡಿಮೆ. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ಇಲ್ಲಿ ದಿನಾ ಬೆಳಿಗ್ಗೆ ಬಾಗಿಲು ತೆರೆಯುತ್ತದೆ.

"ಚಿಕ್ಕೋಳಿದ್ದಾಗ ಅಪ್ಪನ ಕೈ ಗಿಟಾರಿನ ತೂತೊಳಗೆ ಹೋಗ್ತಿರ್ಲಿಲ್ಲ. ನನ್ನದು ಹೋಗ್ತಿತ್ತು. ಅದಕ್ಕೇ ಕೂರಿಸ್ದ. ಪ್ರೀತಿಯಿಂದ ಕಲಿಸ್ದ ಅಂತ ಬರೀಬೇಡಿ. ಕೈ ಸಣ್ಣದಿತ್ತು, ಅಷ್ಟೇ," ಎನ್ನುತ್ತಾರೆ ಅಕ್ಕ, ಪತ್ರಿಕೆಗೆ ಬರೆಯಲು ಬಂದ ನನಗೆ. ಮೊಣಕೈವರೆಗೆ ತಂತಿ ತುದಿಗಳು ಗೀರಿದ ಗೆರೆಗಳು. ಹುಬ್ಬಿನ ಮೇಲೊಂದು ಕಲೆ, ಬಿಗಿ ಮಾಡುವಾಗ ಹಾರಿದ ಗೂಟ ಹೊಡೆದದ್ದು. ದಿನಕ್ಕೆ ನಾಲ್ಕೈದು ಗಿಟಾರುಗಳು ಈ ಕೈಯಿಂದ ದಾಟುತ್ತವೆ. ಹೊರಗೆ ಹೋಗುವಾಗ ಅವೆಲ್ಲ "ಯಜಮಾನರು ರಿಪೇರಿ ಮಾಡಿಕೊಟ್ಟ" ಗಿಟಾರುಗಳು.

ಹಾಗಾದರೆ ಗೂಟ ಹಾರುವುದೇಕೆ? ಪ್ರಶ್ನೆ ಮುಗಿಯುವ ಮೊದಲೇ ಅಕ್ಕನ ಮೂಗಿನ ತುದಿ ಕೆಂಪಾಗುತ್ತದೆ.

"ಗೂಟದ ತಪ್ಪೇ ಅಲ್ಲ ಅದು! ತಂತಿ ತುದೀಲಿ ಹಿತ್ತಾಳೆ ಗುಂಡು ಇರತ್ತಲ್ಲ, ಅದು ಒಳಗಿನ ಹಲಗೆಗೆ ಆತು ನಿಲ್ಬೇಕು. ಜನ ಏನ್ಮಾಡ್ತಾರೆ? ಗುಂಡನ್ನ ಗೂಟದ ತುದಿ ಕೆಳಗೆ ಸಿಕ್ಕಿಸಿ ಮೇಲಿಂದ ಗುದ್ದುತ್ತಾರೆ. ಬಿಗಿ ಮಾಡಿದ್ರೆ ತಂತಿ ಗುಂಡನ್ನ ಎಳೆಯತ್ತೆ, ಗುಂಡು ಗೂಟನ ತಳ್ಳತ್ತೆ. ಹಾರದೆ ಇನ್ನೇನ್ ಮಾಡತ್ತೆ, ಪದ ಹೇಳತ್ತಾ?"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಎಮ್ಮೆಗೆ ಬರೆಯ ಜೊತೆ ಅಂಟೂ ಬಿದ್ದಿದೆ.

ಅಕ್ಕ ಮಾತು ನಿಲ್ಲಿಸಿ ಬೈರಿಗೆಯನ್ನು ಬೆರಳುಗಳಲ್ಲಿ ತಿರುಗಿಸುತ್ತಾರೆ. ಬಿಳಿ ಪುಡಿ ಉದುರುತ್ತದೆ. ಊದುತ್ತಾರೆ, ಮತ್ತೆ ತಿರುಗಿಸುತ್ತಾರೆ. ಚಿಮುಟದ ತುದಿ ಸಿಪ್ಪೆಯನ್ನು ಒಳಮುಖವಾಗಿ ಮಡಚುತ್ತದೆ. ಗೂಟ ಬೆಣ್ಣೆಯಿಂದ ಕೂದಲು ತೆಗೆದಂತೆ ಹೊರಗೆ ಬರುತ್ತದೆ. ಬಿರುಕು ಇದ್ದಷ್ಟೇ ಇದೆ. ಆಮೇಲೆ ಅವರು ಒಂದು ಸೂಜಿಯ ತುದಿಗೆ ಅದೇ ಜಾತಿಯ ಅಂಟನ್ನು ಮುಟ್ಟಿಸಿ ಆ ಬಿರುಕಿಗೆ ಕುಡಿಸುತ್ತಾರೆ. "ಅಂಟಿನ ಜಾಗ ಇದು," ಎಂದು ಗದರಿಸಿದಂತೆ ಹೇಳುತ್ತಾರೆ. ಅದು ಒಣಗಿದ ಮೇಲೆ ಪ್ರತಿ ರಂಧ್ರದ ಅಂಚಿನಲ್ಲೂ ತಂತಿ ಹಾಯಲು ಸಣ್ಣ ಕಾಲುವೆ ಕೊರೆಯುತ್ತಾರೆ.

ಅಷ್ಟರಲ್ಲಿ ಟೀಚರ್ ಬಂದೇ ಬಿಡುತ್ತಾರೆ. ಹಿಂದಿನ ಕೋಣೆಯಲ್ಲಿ ಹೆಂಗಸನ್ನು ಕಂಡು ಅವರಿಗೆ ಆಶ್ಚರ್ಯ. "ಉಳೀತಾ ಅಮ್ಮಾ?"

"ಉಳೀತು. ಇದಕ್ಕೆ ಅಂಟು ಹಾಕಿದ ಪುಣ್ಯಾತ್ಮ ಯಾರು ಅಂತ ಮೊದಲು ಹೇಳಿ."

ಟೀಚರ್ ತಬ್ಬಿಬ್ಬು. "ಇಲ್ಲೇ ಅಲ್ವಾ ಹಾಕಿದ್ದು? ಹೋದ್ ಸಲ ತಂತಿ ತಗೊಂಡಾಗ ಗೂಟ ಹಾರ್ತಿತ್ತು. ಯಜಮಾನರೇ ಒಂದೊಂದು ಹನಿ ಬಿಟ್ಟು ಕೊಟ್ರು."

ದೀಪದ ಬುಡದಲ್ಲೇ ಕತ್ತಲೆ. ಬೆಳಿಗ್ಗೆಯಿಂದ ಆ ಬೈಗುಳವನ್ನೆಲ್ಲ ಗೋಡೆಯಾಚೆ ಕೂತು ಕೇಳಿಸಿಕೊಂಡ ಪುಟ್ಟ ಕೆಮ್ಮಿರಲೂ ಇಲ್ಲ.

"ಲೋ ಪುಟ್ಟಾ! ಬಾರೋ ಒಳಗೆ!"

ಪುಟ್ಟ ಬರುತ್ತಾನೆ. ಗಿರಾಕಿಯನ್ನು ನೋಡಲಾರ, ಅಕ್ಕನನ್ನು ನೋಡಲಾರ, ನೆಲ ನೋಡುತ್ತಾನೆ. "ಅರ್ಜೆಂಟಿತ್ತು ಅಕ್ಕಾ. ಒಳಗೆ ಬಂದು ಕೇಳಿದ್ರೆ, ನನಗೇ ಗೊತ್ತಿಲ್ಲ ಅಂತ ಆಗತ್ತಲ್ಲ, ಗಿರಾಕಿ ಮುಂದೆ."

ಅಕ್ಕ ಬೈರಿಗೆಯನ್ನು ಮೇಜಿಗೆ ಕುಕ್ಕುತ್ತಾರೆ. ಬೆಳಿಗ್ಗೆಯಿಂದ ಬಿರುಕಿನ ಪಕ್ಕದಲ್ಲಿ ಒಮ್ಮೆಯೂ ಜೋರಾಗದ ಕೈ ಅದು. ಇಂಥ ಸಿಟ್ಟಿಗೆ ಯಾರೂ ಸಮಾಧಾನ ಹೇಳಕೂಡದು. ಅದು ನ್ಯಾಯವಾದ ಸಿಟ್ಟು.

"ಕೂತ್ಕೋ," ಎನ್ನುತ್ತಾರೆ, ತಾವು ಕೂತಿದ್ದ ಸ್ಟೂಲನ್ನು ಅವನತ್ತ ನೂಕಿ, ಹೊಸ ತಂತಿಗಳನ್ನೂ ಹೊಸ ಗೂಟಗಳನ್ನೂ ಮುಂದಿಟ್ಟು. "ತಂತಿ ತುದಿ ಸ್ವಲ್ಪ ಬಗ್ಗಿಸು. ಗುಂಡು ಇಳಿಸು. ಗೂಟ ಸಡಿಲವಾಗಿಡು. ಈಗ ತಂತೀನ ಮೇಲಕ್ಕೆ ಎಳಿ, ಗುಂಡು ಹಲಗೆಗೆ ತಾಗೋವರೆಗೂ. ಆಮೇಲೆ ಹೆಬ್ಬೆರಳಲ್ಲಿ ಒತ್ತು."

ಪುಟ್ಟ ಎಳೆಯದೆ ಒತ್ತುತ್ತಾನೆ. ಬಿಗಿ ಮಾಡಿದೊಡನೆ ಗೂಟ ಟಪ್ಪೆಂದು ಹಾರಿ ಅವನ ಕನ್ನಡಕಕ್ಕೆ ಬಡಿಯುತ್ತದೆ. ಟೀಚರ್ ಬಾಯಿಗೆ ಸೆರಗು ಹಿಡಿಯುತ್ತಾರೆ. ಅಕ್ಕ ನಗುವುದಿಲ್ಲ. "ಇನ್ನೊಂದ್ಸಲ," ಎನ್ನುತ್ತಾರೆ. ಎರಡನೇ ಸಲ ಗೂಟ ಕೂರುತ್ತದೆ. ಉಳಿದ ಐದೂ ಕೂರುತ್ತವೆ. ಟೀಚರ್ ಗಿಟಾರ್ ಎತ್ತಿಕೊಂಡು ಜೋರಾಗಿ ಮೀಟುತ್ತಾರೆ, ಯಾವ ಗೂಟವೂ ಅಲುಗುವುದಿಲ್ಲ. ಅವರು ಅಕ್ಕನಿಗೆ ಕೈ ಮುಗಿದು ಪಾಠಕ್ಕೆ ಓಡುತ್ತಾರೆ.

ಪತ್ರಿಕೆಯಲ್ಲಿ ಏನು ಬರೆಯಬೇಕು ಎಂದು ಕೇಳಿದರೆ ಅಕ್ಕ ಉತ್ತರ ಹೇಳುವುದು ತಮ್ಮನ ಕಡೆ ತಿರುಗಿ.

"ನನಗೆ ಶಾಲು ಬೇಡ, ಹಾರ ಬೇಡ. ಇನ್ನೊಂದ್ಸಲ ಗೂಟ ಹಾರಿದ್ರೆ, ಗಿರಾಕಿ ಮುಂದೇನೇ 'ಅಕ್ಕಾ' ಅಂತ ಒಂದ್ಸಲ ಕೂಗು. ನಾನೇನು ಪರದೇಶದಲ್ಲಿಲ್ಲ ಕಣೋ. ಗೋಡೆ ಆಚೆ ಇದೀನಿ."