ಕರೆಂಟು ಬಿಟ್ಟುಕೊಟ್ಟ ಬಿಲ್ಲೆ

ಕಾರಣವಿಲ್ಲದೆ ಏನೂ ಆಗುವುದಿಲ್ಲ ಎಂದು ನಂಬಿದವಳು ನಾನು. ಯಾರಾದರೂ ವಿಚಿತ್ರ ಅನುಭವ ಹೇಳತೊಡಗಿದರೆ, ಎಲ್ಲೋ ಅಳತೆ ತಪ್ಪಿರಬೇಕು ಅಂದುಕೊಳ್ಳುತ್ತಿದ್ದೆ. ಆ ನಂಬಿಕೆಯನ್ನು ಈಗಲೂ ಬಿಟ್ಟಿಲ್ಲ. ಕೆಲವು ವರ್ಷಗಳ ಹಿಂದಿನ ಒಂದು ಮಧ್ಯಾಹ್ನವನ್ನು ಮಾತ್ರ ಅದರೊಳಗೆ ಸೇರಿಸಲು ಆಗಿಲ್ಲ.

ಅಬುಧಾಬಿಯಲ್ಲಿ, ಬನಿಯಾಸ್ ದಾಟಿದ ಮೇಲೆ ಸಿಗುವ ಪ್ರಯೋಗಾಲಯವೊಂದರಲ್ಲಿ ನನ್ನ ಕೆಲಸ. ಜಿಂಕ್ ಆಕ್ಸೈಡ್ ಪುಡಿಗೆ ಬಿಸ್ಮತ್, ಆಂಟಿಮನಿಗಳ ಆಕ್ಸೈಡನ್ನು ಚೂರು ಬೆರೆಸಿ, ಒತ್ತಿ, ಕುಲುಮೆಯಲ್ಲಿ ಸುಟ್ಟು ಬಿಲ್ಲೆ ಮಾಡುತ್ತೇವೆ. ಸಿಡಿಲಿನಿಂದ ವಿದ್ಯುತ್ ಲೈನುಗಳನ್ನು ಕಾಯುವುದು ಇಂಥ ಬಿಲ್ಲೆಗಳೇ. ಜಿಂಕಿನ ಹರಳುಗಳ ನಡುವೆ ಬಿಸ್ಮತ್ತಿನ ತೆಳುಪದರ ನಿಂತಿರುತ್ತದೆ. ವೋಲ್ಟೇಜು ಮಿತಿ ದಾಟುವವರೆಗೆ ಬಿಲ್ಲೆ ಕರೆಂಟನ್ನು ಹರಿಯಗೊಡುವುದಿಲ್ಲ. ದಾಟಿತೋ, ಪೂರ್ತಿ ಬಿಟ್ಟುಬಿಡುತ್ತದೆ. ಆ ಮಿತಿ ಎಷ್ಟೆಂದು ಬೆರಕೆ ನೋಡಿಯೇ ಹೇಳಬಲ್ಲೆ.

ಭಟ್ಕಳದ ಇಸ್ಮಾಯಿಲ್ ಭಾಯ್ ನನ್ನ ಜೊತೆಗಾರರು. ಆ ದಿನ ಬಿಲ್ಲೆಯನ್ನು ಪರೀಕ್ಷೆಯ ಕೋಣೆಯಲ್ಲಿ ಜೋಡಿಸಿ ಹೊರಬಂದರು. ಬಾಗಿಲು ಮುಚ್ಚಿದೆ ಎನ್ನುವ ಹಸಿರು ದೀಪ ನೋಡಿ, ಮೀಟರಿನ ಮೇಲೆ ಕಣ್ಣಿಟ್ಟು ವೋಲ್ಟೇಜು ಏರಿಸತೊಡಗಿದೆ. ಮಿತಿಯ ಕಾಲುಭಾಗಕ್ಕೂ ಬಂದಿರಲಿಲ್ಲ, ಬಿಲ್ಲೆ ಇದ್ದಕ್ಕಿದ್ದಂತೆ ಕರೆಂಟು ಬಿಟ್ಟಿತು. ಕರೆಂಟು ಒಮ್ಮೆಲೇ ಹೆಚ್ಚಿದ್ದರಿಂದ ಟ್ರಿಪ್ ಆಗಿ, ತಂತಿಗೆ ಹೋಗುತ್ತಿದ್ದ ವಿದ್ಯುತ್ತೆಲ್ಲ ನಿಂತಿತು.

ತಲೆಯೆತ್ತಿದರೆ ಗಾಜಿನ ಆಚೆ ಇಸ್ಮಾಯಿಲ್ ಭಾಯ್! ಸಡಿಲಾದ ತಂತಿ ಬಿಗಿಯಲು ಮತ್ತೆ ಒಳಗೆ ಹೋಗಿದ್ದರು. ಬಾಗಿಲು ತೆರೆದರೂ ಅದರ ಸ್ವಿಚ್ಚು ಕಚ್ಚಿಕೊಂಡು ದೀಪ ಹಸಿರಾಗಿಯೇ ಉಳಿದಿತ್ತು. ಅವರ ಬೆರಳು ಇನ್ನೇನು ತಂತಿಗೆ ತಾಗುವುದರಲ್ಲಿತ್ತು.

“ಮುಟ್ಬೇಡಿ ಭಾಯ್, ಹೊರಗೆ ಬನ್ನಿ!” ಎಂದು ಕಿರುಚಿದೆ.

“ಎಂತ ಆಯ್ತು ಮೇಡಂ? ನೀವಿನ್ನೂ ಶುರು ಮಾಡ್ಲಿಲ್ಲ ಅಲ್ವಾ?” ಎಂದರು. ನನ್ನ ಮುಖ ನೋಡಿದ ಮೇಲೆ ಕೈ ಹಿಂದೆಳೆದುಕೊಂಡು ಹೊರಬಂದರು.

ಸ್ವಿಚ್ಚು ಬದಲಾಯಿತು. ನಾನು ಬಿಲ್ಲೆಯ ಹಿಂದೆ ಬಿದ್ದೆ. ಎಷ್ಟು ಸಲ ಪರೀಕ್ಷಿಸಿದರೂ ಸರಿಯಾದ ಮಿತಿಯಲ್ಲೇ ಕರೆಂಟು ಬಿಟ್ಟಿತು. ಮೇಲೆ ತೇವವಿಲ್ಲ, ಕಿಡಿ ಹರಿದ ಕಪ್ಪುಗೆರೆಯಿಲ್ಲ. ಮೀಟರೂ ಸರಿಯಿತ್ತು. ಉಳಿದದ್ದು ಬಿಲ್ಲೆಯನ್ನು ಕತ್ತರಿಸಿ ಒಳಗೆ ನೋಡುವುದೊಂದೇ. ತಮ್ಮ ಜೀವ ಉಳಿಸಿದ ಬಿಲ್ಲೆಯೆಂದು ಇಸ್ಮಾಯಿಲ್ ಭಾಯ್ ಬೇಡವೆಂದಾರು ಅಂದುಕೊಂಡಿದ್ದೆ.

“ಕತ್ತರಿಸುವ ಮೇಡಂ. ಅಲ್ಲಾಹ್ ಕಾಪಾಡಿದ, ಅದ್ರಲ್ಲಿ ನಂಗೆ ಡೌಟಿಲ್ಲ. ಹೇಗೆ ಕಾಪಾಡಿದ ಅಂತ ನೀವು ನೋಡಿ ಹೇಳಿ,” ಎನ್ನುತ್ತ ಬಿಲ್ಲೆಯನ್ನು ತಾವೇ ಗರಗಸಕ್ಕೆ ಕೊಟ್ಟರು.

ಸೂಕ್ಷ್ಮದರ್ಶಕದಲ್ಲಿ ನೋಡಿದೆ, ಎಕ್ಸ್‌ರೇ ಹಾಯಿಸಿದೆ. ಹರಳುಗಳು, ನಡುವಿನ ಪದರ, ಆಂಟಿಮನಿ ಸೇರಿ ಕಟ್ಟಿದ ಸಣ್ಣ ಕಣಗಳು, ಎಲ್ಲವೂ ಇರಬೇಕಾದಲ್ಲೇ ಇದ್ದವು. ಒಂದು ಬಿರುಕಿಲ್ಲ.

“ಸಿಕ್ತಾ?” ಎಂದರು, ಪಕ್ಕದಲ್ಲೇ ಕಾಯುತ್ತಿದ್ದ ಇಸ್ಮಾಯಿಲ್ ಭಾಯ್.

“ಇಲ್ಲ ಭಾಯ್. ಬಹಳ ಒಳ್ಳೆಯ ಬಿಲ್ಲೆ,” ಎಂದೆ.

ಇವತ್ತಿಗೂ ಅಷ್ಟೇ ಹೇಳಬಲ್ಲೆ.